ಚಂದ್ರಂಪಳ್ಳಿಯ ಒಂಬತ್ತನೆಯ ಬಾವುಟ

ಈ ಪುಟದಲ್ಲಿ ಗ್ರಂಥಗಳನ್ನು ಕುರಿತು, ಹಬ್ಬಹುಣ್ಣಿಮೆಗಳನ್ನು ಕುರಿತು ಬರೆಯುತ್ತ ಬಂದಿರುವ ನಾನು ಈ ಸಲ ಒಂದು ಓಟದ ವಿಷಯವನ್ನು ಎತ್ತಿಕೊಂಡಿರುವುದು ಓದುಗ ಬಂಧುಗಳಿಗೆ ಸೋಜಿಗವೆನಿಸಬಹುದು. ಅರವತ್ತಾರು ತುಂಬಿದ, ಮೆಟ್ಟಿಲೇರುವಾಗ ಮೊಣಕಾಲು ಹಿಡಿದುಕೊಳ್ಳುವ ಮನುಷ್ಯನಿಗೆ ಓಟದ ಉಸಾಬರಿ ಏಕೆ ಎಂದು ನಮ್ಮ ಮನೆಯವರೂ ಕೇಳಿದರು. ನಿಜಕ್ಕೂ ನಾನು ಓಡಲಿಲ್ಲ, ನಡೆದೆ. ಆದರೂ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಪೂರ್ಣಗೊಳಿಸಿದ್ದಾರೆ’ ಎಂದು ಬರೆದಿದೆ. ಅದು ಹೇಗಾಯಿತೆಂಬುದನ್ನು ಹೇಳಬೇಕು. ಅದರೊಡನೆ ಐವತ್ತು ವರ್ಷಗಳಿಂದ ಹೇಳದೆ ಉಳಿಸಿಕೊಂಡ ಒಂದು ಮಾತನ್ನೂ ಹೇಳಬೇಕಾಗಿದೆ.

ನನ್ನ ತಮ್ಮನ ಮಗ ಉದ್ಯೋಗದ ನಿಮಿತ್ತ ಸ್ವೀಡನ್ ದೇಶದಲ್ಲಿದ್ದಾನೆ. ಅಲ್ಲಿನ ಜನರಿಗೆ ಕಾಡೆಂದರೆ ಪ್ರಾಣ. ನಕಾಶೆ ಮತ್ತು ದಿಕ್ಸೂಚಿ ಇವೆರಡನ್ನೇ ಹಿಡಿದು, ಗೊತ್ತಿಲ್ಲದ ಅರಣ್ಯದಲ್ಲಿ ಅಲ್ಲಲ್ಲಿ ನೆಟ್ಟ ಬಾವುಟಗಳನ್ನು ಒಂದಾದ ಮೇಲೊಂದರಂತೆ ಹುಡುಕುತ್ತ ಓಡುವ ಆಟವೊಂದು ಅಲ್ಲಿ ಮನೆಮನೆಯ ಮಾತಾಗಿದೆ. ಅದಕ್ಕೆ ಓರಿಯೆಂಟೀರಿಂಗ್ ಎಂದು ಹೆಸರು. 1886ರಲ್ಲಿ ಸ್ವೀಡನ್ನಿನ ಸೈನಿಕ ಶಿಕ್ಷಣದಲ್ಲಿ ಹುಟ್ಟಿದ ಶಬ್ದ ಇದು. ಜನಸಾಮಾನ್ಯರಿಗಾಗಿ ಮೊದಲ ಸ್ಪರ್ಧೆ ನಡೆದುದು 1897ರ ಅಕ್ಟೋಬರ್ 31ರಂದು, ನಾರ್ವೆಯಲ್ಲಿ. ಆದರೆ ಅದನ್ನು ಬೆಳೆಸಿದವನು ಅರ್ನ್ಸ್ಟ್ ಕಿಲಾಂಡರ್ ಎಂಬ ಸ್ವೀಡಿಷ್ ಮೇಜರ್. ತರುಣರು ಮೈದಾನದ ಓಟಗಳಿಂದ ದೂರವಾಗುತ್ತಿದ್ದುದನ್ನು ಕಂಡು, ಕಾಲಿನ ಜೊತೆಗೆ ತಲೆಗೂ ಕೆಲಸ ಕೊಟ್ಟರೆ ಮರಳಿ ಬಂದಾರೆಂದು ಎಣಿಸಿ, 1919ರಲ್ಲಿ ಸ್ಟಾಕ್‌ಹೋಮಿನ ಬಳಿ ಸ್ಪರ್ಧೆ ಏರ್ಪಡಿಸಿದನು. ಇನ್ನೂರಕ್ಕೂ ಮಿಕ್ಕಿ ಜನ ಬಂದರು. 1961ರಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವೂ ಸ್ಥಾಪನೆಯಾಯಿತು.

ಶಬ್ದಶಾಸ್ತ್ರದ ಹುಚ್ಚಿರುವ ನನ್ನಂಥವನಿಗೆ ಆ ಹೆಸರೇ ಒಂದು ರಸಗವಳ. ಓರಿಯೆಂಟ್ ಎಂಬುದರ ಲ್ಯಾಟಿನ್ ಮೂಲಕ್ಕೆ ಏಳು, ಮೂಡು ಎಂದರ್ಥ. ಸೂರ್ಯ ಮೂಡುವ ದಿಕ್ಕೇ ಓರಿಯೆಂಟ್. ನಮ್ಮ ಮೂಡಣವೂ ಅದೇ ಅಲ್ಲವೆ? ಮೂಡುವುದರಿಂದ ಮೂಡಣ, ಪಡುವುದರಿಂದ ಪಡುವಣ. ಸಂಸ್ಕೃತದ ದಕ್ಷಿಣ ಶಬ್ದಕ್ಕೆ ಬಲಗಡೆ ಎಂಬ ಅರ್ಥವಿದೆ; ಪೂರ್ವಾಭಿಮುಖನಾಗಿ ನಿಂತವನ ಬಲಕ್ಕೆ ಇರುವುದು ದಕ್ಷಿಣ. ಯುರೋಪಿನ ಮಧ್ಯಯುಗದ ಅನೇಕ ನಕಾಶೆಗಳಲ್ಲಿ ಮೇಲ್ತುದಿಗೆ ಇರುತ್ತಿದ್ದುದು ಉತ್ತರವಲ್ಲ, ಪೂರ್ವ. ಎಲ್ಲ ನಾಡುಗಳ ಹಿರಿಯರೂ ಮೊದಲು ಸೂರ್ಯನತ್ತ ಮುಖಮಾಡಿ ನಿಂತು, ಆಮೇಲೆ ತಾವೆಲ್ಲಿದ್ದೇವೆಂದು ಕೇಳಿಕೊಂಡವರೇ.

ಈ ಹುಡುಗ ಅಲ್ಲಿ ಮೊದಲ ಸಲ ದೂರದ ಓಟಕ್ಕೆ ಹೆಸರು ಕೊಟ್ಟಾಗ, ಮೇಲ್ಮಟ್ಟದವರು ಎರಡು ಗಂಟೆಯೊಳಗೆ ಮುಗಿಸುವ ಹಾದಿಗೆ ನಾಲ್ಕು ಗಂಟೆ ತೆಗೆದುಕೊಂಡನಂತೆ. ಡೇರೆಗಳನ್ನು ಬಿಚ್ಚುವ ಹೊತ್ತಿಗೆ ಬಂದು ತಲುಪಿದವನಿಗೂ ಅಲ್ಲಿದ್ದವರು ಚಪ್ಪಾಳೆ ತಟ್ಟಿದರಂತೆ. ಕಳೆದ ಜನವರಿಯಲ್ಲಿ ಊರಿಗೆ ಬಂದಾಗ, ‘ದೊಡ್ಡಪ್ಪಾರ, ಇಂಥಾದ್ದು ನಮ್ಮ ಚಂದ್ರಂಪಳ್ಳಿಯೊಳಗ ಯಾಕ ಮಾಡಬಾರದು?’ ಎಂದನು.

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯನ್ನು ಕಾಣದವರಿಗೆ ಎರಡು ಮಾತು. ಕಲಬುರಗಿ ಜಿಲ್ಲೆಯೆಂದರೆ ಕರಿನೆಲ, ತೊಗರಿ, ಬಿಸಿಲು ಎಂದು ತಿಳಿದವರು ಅಲ್ಲಿ ಬೆರಗಾಗುತ್ತಾರೆ. ಕೆಂಪು ಜಂಬಿಟ್ಟಿಗೆಯ ಗುಡ್ಡಗಳು, ನೆತ್ತಿ ಚಪ್ಪಟೆ, ಮಗ್ಗುಲು ಕಡಿದು. ಅವುಗಳ ನಡುವೆ ಅಣೆಕಟ್ಟಿನ ನೀರು ಕೈಬೆರಳುಗಳಂತೆ ಕಣಿವೆಗಳೊಳಕ್ಕೆ ಚಾಚಿದೆ. ಸುತ್ತಲಿನ ಅರಣ್ಯವನ್ನು 2011ರಲ್ಲಿ ಚಿಂಚೋಳಿ ವನ್ಯಜೀವಿಧಾಮವೆಂದು ಘೋಷಿಸಿದರು, ವಿಸ್ತಾರ 134.88 ಚದರ ಕಿಲೋಮೀಟರು. ಆದುದರಿಂದ ಅಲ್ಲಿ ಮನಬಂದಂತೆ ಓಡುವಂತಿಲ್ಲ, ಓಡಲೂಬಾರದು. ಅರಣ್ಯ ಇಲಾಖೆಯವರ ಅನುಮತಿ ಪಡೆದು, ಅವರು ತೋರಿಸಿದ ಅಂಚಿನ ಭಾಗದಲ್ಲಿ, ಹೊಲಗಳನ್ನೂ ಎರಡು ತಾಂಡಾಗಳನ್ನೂ ಬಳಸಿಕೊಂಡು ಹುಡುಗ ಹಾದಿ ಗೊತ್ತುಮಾಡಿದನು.

ಸರ್ವೇಕ್ಷಣ ಇಲಾಖೆಯ ನಕಾಶೆಯಲ್ಲಿ ಒಂದು ಕಿಲೋಮೀಟರು ಎರಡು ಸೆಂಟಿಮೀಟರಿನಲ್ಲಿ ಮುಗಿದುಹೋಗುತ್ತದೆ. ಈ ಆಟಕ್ಕೆ ಅದು ಸಾಲದು. ಅದನ್ನೇ ಆಧಾರವಾಗಿಟ್ಟುಕೊಂಡು ನಾಲ್ಕು ದಿನ ತಾನೇ ತಿರುಗಾಡಿ, ಹದಿನೈದು ಸಾವಿರಕ್ಕೊಂದು ಪ್ರಮಾಣದಲ್ಲಿ ಹೊಸ ನಕಾಶೆ ಬರೆದನು. ಬಂಡೆ, ಬಾವಿ, ಒಡ್ಡು ಎಲ್ಲವೂ ಅದರಲ್ಲಿದ್ದವು. ಇಲ್ಲಿ ಒಂದು ಸಂಗತಿಯನ್ನು ಬಿಡಲಾರೆ. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಾಪನ 1815ರಲ್ಲಿ ನಮ್ಮ ನೆರೆಯ ಬೀದರದ ಸೀಮೆಗೆ ಬಂದಿತ್ತು. ಅಲ್ಲಿ ಸರಪಳಿ ಎಳೆದು ಒಂದು ಆಧಾರರೇಖೆಯನ್ನು ನೆಲದ ಮೇಲೆಯೇ ಅಳೆದರು. ಏಕೆಂದರೆ ಕೋನಗಳ ಲೆಕ್ಕದಿಂದ ನೂರಾರು ಮೈಲಿ ಸಾಗಿ ಬಂದ ಮೇಲೆ ಲೆಕ್ಕ ಹೇಳುವ ಉದ್ದಕ್ಕೂ ನೆಲ ಹೇಳುವ ಉದ್ದಕ್ಕೂ ಅಂತರವೆಷ್ಟು ಬಿದ್ದಿದೆ ಎಂದು ನೋಡಬೇಕಿತ್ತು. ತಪ್ಪು ಒಳಗೊಳಗೇ ಬೆಳೆಯುತ್ತದೆ, ನಡುನಡುವೆ ನಿಂತು ಅಳೆಯದಿದ್ದರೆ ತಿಳಿಯದು ಎಂಬುದು ಆ ಅಳತೆಗಾರರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆಟದ ಕಟ್ಟಳೆ ಹೀಗಿತ್ತು. ಹದಿನಾಲ್ಕು ನೆಲೆಗಳು, ಗೆರೆ ಎಳೆದು ಅಳೆದರೆ ಹನ್ನೊಂದು ಕಿಲೋಮೀಟರು, ಕಾಲಿನ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಪ್ರತಿ ನೆಲೆಯಲ್ಲಿ ಕಿತ್ತಳೆ-ಬಿಳಿ ಬಣ್ಣದ ಮೂರು ಮುಖದ ಬಾವುಟ, ಅದರ ಪಕ್ಕದಲ್ಲಿ ಮುಳ್ಳುಗಳುಳ್ಳ ಒಂದು ಚಿಕ್ಕ ಇಕ್ಕಳ. ಆ ಇಕ್ಕಳದಿಂದ ಕೈಯಲ್ಲಿನ ಚೀಟಿಯನ್ನು ಒತ್ತಿದರೆ ತೂತುಗಳು ಮೂಡುತ್ತವೆ. ನೆಲೆ ನೆಲೆಗೂ ತೂತಿನ ವಿನ್ಯಾಸ ಬೇರೆ. ಕ್ರಮ ತಪ್ಪುವಂತಿಲ್ಲ. ಹದಿಮೂರನ್ನು ಮುಟ್ಟಿ ಒಂದನ್ನು ಬಿಟ್ಟರೆ ಎಷ್ಟು ಬೇಗ ಬಂದರೂ ಲೆಕ್ಕಕ್ಕಿಲ್ಲ. ಒಂದು ನೆಲೆಯಿಂದ ಇನ್ನೊಂದಕ್ಕೆ ಹೇಗೆ ಹೋಗಬೇಕೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದು ಅವರವರ ವಿವೇಕ. ಇಬ್ಬಿಬ್ಬರ ಜೋಡಿ, ಜೋಡಿ ಅಗಲಬಾರದು. ದಾರಿಯಲ್ಲಿ ಯಾರನ್ನೂ ವಿಚಾರಿಸಕೂಡದು. ಆರು ಗಂಟೆಗಳ ಅವಧಿ. ಮನೆತನದ ಹುಡುಗರು, ಅವರ ಗೆಳೆಯರು ಸೇರಿ ಐದು ಜೋಡಿಗಳಾದವು. ಒಂಬತ್ತನೆಯ ತರಗತಿಯ ನನ್ನ ಮೊಮ್ಮಗಳಿಗೆ ಜೊತೆ ಸಿಗಲಿಲ್ಲ. ‘ಮುತ್ಯಾ, ನೀನೇ ಬಾ’ ಎಂದಳು.

ಬೆಳಗಿನ ಏಳಕ್ಕೆ ಹೊರಟೆವು. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹುಡುಗಿ ನಕಾಶೆಯನ್ನು ದಿಕ್ಸೂಚಿಗೆ ಹೊಂದಿಸಿ, ನಿಂತ ಜಾಗದ ಮೇಲೆ ಹೆಬ್ಬೆರಳಿಟ್ಟು ನಡೆಯುತ್ತಿದ್ದಳು. ನಾವು ಸರಿದಂತೆ ಬೆರಳೂ ಸರಿಯುತ್ತಿತ್ತು. ಹೆಜ್ಜೆ ಎಣಿಸುವ ಕೆಲಸ ನನ್ನದು. ಬಲಗಾಲು ಊರಿದಾಗಲೊಮ್ಮೆ ಒಂದೆಂದು ಎಣಿಸಿದರೆ ನನ್ನ ನಡಿಗೆಗೆ ಅರವತ್ತೆಂಟಕ್ಕೆ ನೂರು ಮೀಟರು. ಹರದಾರಿ, ಕೂಗಳತೆ ಎಂದು ದೂರವನ್ನು ಅಂದಾಜಿನಲ್ಲಿ ಹೇಳುತ್ತ ಬಂದವನಿಗೆ ಈ ಲೆಕ್ಕ ಮೊದಮೊದಲು ಜಿಪುಣತನವೆನಿಸಿತು. ಮೂರನೆಯ ಬಾವುಟ ಎಣಿಸಿದಲ್ಲಿಯೇ ಕಂಡಾಗ ಖುಷಿಯಾಯಿತು. ಎಂಟು ನೆಲೆಗಳನ್ನು ಎರಡೂ ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆವು.

ಎಂಟನೆಯದು ಹಿನ್ನೀರಿನ ಮೇಲಿನ ಒಂದು ದಿಣ್ಣೆಯಲ್ಲಿತ್ತು. ಒಂಬತ್ತನೆಯದು ಎರಡು ಹಳ್ಳಗಳು ಕೂಡುವಲ್ಲಿ. ಆ ದಿಣ್ಣೆಯ ಮೇಲೆ ನಿಂತಾಗ ನನಗೆ ಜಾಗದ ಗುರುತು ಹತ್ತಿತು. ಮಠದಲ್ಲಿ ಓದುವಾಗ ಕುಂಚಾವರಂ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದ ಹಾದಿ ಇದೇ ಎಂದು ಮನಸ್ಸು ಹೇಳಿತು. ಎಡಕ್ಕೊಂದು ಹಳೆಯ ಬಂಡಿದಾರಿಯೂ ಇತ್ತು. ‘ನಕಾಶೆ ಮಡಚು. ಈ ದಾರಿ ನನಗ ಗೊತ್ತದ’ ಎಂದೆ.

‘ಮುತ್ಯಾ, ಬಂಡಿದಾರಿ ಹೊರಳೋದು ಬ್ಯಾರೆ ಕಡೆ ಅದ’ ಎಂದಳು. ನಾನು ಕೇಳಲಿಲ್ಲ. ಹದಿನೈದು ನಿಮಿಷ ನಡೆದ ಮೇಲೆ, ನಕಾಶೆಯ ಪ್ರಕಾರ ಇಳಿಯಬೇಕಿದ್ದ ನೆಲ ಏರತೊಡಗಿತು. ಮಣ್ಣು ಕೊಚ್ಚಿ ಹೋಗಿರಬೇಕು ಎಂದೆ. ಬಲಕ್ಕೆ ಬರಬೇಕಿದ್ದ ಬಾವಿ ಬರಲಿಲ್ಲ, ಮುಚ್ಚಿರಬೇಕು ಎಂದೆ. ಹಳ್ಳವೊಂದು ಸಿಕ್ಕಿತು, ಕೂಡುವ ಇನ್ನೊಂದು ಹಳ್ಳವಿಲ್ಲ; ಮೇಲಕ್ಕಿರಬೇಕು ಎಂದೆ. ಈ ಆಟದಲ್ಲಿ ಪಳಗಿದವರು ಇದನ್ನು ನಕಾಶೆ ಬಗ್ಗಿಸುವುದು ಎನ್ನುತ್ತಾರಂತೆ. ಕಣ್ಣೆದುರಿನ ನೆಲ ಇಲ್ಲವೆಂದರೂ ಒಪ್ಪದೆ, ಒಂದೊಂದು ಇಲ್ಲಕ್ಕೂ ಒಂದೊಂದು ಸಮಾಧಾನ ಕಟ್ಟುತ್ತ ಹೋಗುವುದು. ಹೆಚ್ಚು ಓದಿದವರಿಗೆ ಈ ವಿದ್ಯೆ ಬೇಗ ಸಿದ್ಧಿಸುತ್ತದೆ.

ಮುಂದೆ ಒಂದು ತಾಂಡಾ ಎದುರಾಯಿತು. ಒಬ್ಬ ತಾಯಿ ತಂಬಿಗೆಯಲ್ಲಿ ನೀರು ಕೊಟ್ಟು, ‘ಎಲ್ಲಿಗೆ ಹೊಂಟೀರಿ?’ ಎಂದು ತಾನಾಗಿಯೇ ಕೇಳಿದಳು. ಹಳ್ಳಗಳು ಕೂಡುವ ಜಾಗವೆಲ್ಲಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹುಡುಗಿ ನನ್ನ ಮುಖ ನೋಡಿದಳು. ನೀರು ಕುಡಿದು ಹೊರಬಂದೆವು. ಆಮೇಲೆ ಅವಳು ಮೆಲ್ಲಗೆ ಕೇಳಿದಳು: ‘ಮುತ್ಯಾ, ನಾವ್ ಈಗ ಎಲ್ಲಿದ್ದೀವಿ, ಖರೇನ ಗೊತ್ತದನು?’

ಇದೇ ಪ್ರಶ್ನೆಯನ್ನು ಇದೇ ಸೀಮೆಯಲ್ಲಿ ಇನ್ನೊಬ್ಬ ನನ್ನನ್ನು ಕೇಳಿದ್ದ. 1976ರ ಮಾತು. ನನಗೆ ಹದಿನೇಳು, ಅವನಿಗೆ ಹನ್ನೊಂದು. ಹಳ್ಳಿಯೊಂದರಿಂದ ಧಾನ್ಯ ತರಲು ನಮ್ಮಿಬ್ಬರನ್ನು ಕಳಿಸಿದ್ದರು. ರೂಢಿಯ ದಾರಿ ಬಿಟ್ಟು ಒಳದಾರಿ ಹಿಡಿಯೋಣವೆಂದವನು ನಾನು. ಅವನು ಬೇಡವೆಂದ, ಗೊತ್ತಿದೆ ಬಾ ಎಂದೆ. ಕತ್ತಲಾಯಿತು. ರಾತ್ರಿಯೆಲ್ಲ ಒಂದು ಮರದ ಬುಡದಲ್ಲಿ ಕುಳಿತಿದ್ದೆವು. ಅವನ ಅಂಗಾಲಿನಲ್ಲಿ ಮುಳ್ಳು ಮುರಿದು ಬಾತಿತ್ತು, ಮೈ ಸುಡುತ್ತಿತ್ತು. ಮರುದಿನ ಮಠಕ್ಕೆ ಬಂದಾಗ, ಆ ದಾರಿ ಹಿಡಿದವರು ಯಾರು ಎಂದು ಹಿರಿಯರು ಕೇಳಿದರು. ‘ಇವನೇ ಹಟ ಮಾಡಿದ’ ಎಂದು ನಾನು ಹೇಳಿದೆ. ಅವನು ತಲೆ ಎತ್ತಿ ನನ್ನನ್ನು ನೋಡಿದನೇ ಹೊರತು ಏನೂ ಹೇಳಲಿಲ್ಲ. ಶಿಕ್ಷೆ ಅವನಿಗಾಯಿತು. ಮುಂದಿನ ರಜೆಗೆ ಊರಿಗೆ ಹೋದವನು ಓದಿಗೆ ಮರಳಲಿಲ್ಲ. ಅದಕ್ಕೆ ಇದೊಂದೇ ಕಾರಣವೆನ್ನಲಾರೆ. ಇದು ಕಾರಣವಲ್ಲವೆಂದೂ ಹೇಳಲಾರೆ. ಆಮೇಲೆ ಎರಡು ಸಲ ಮದುವೆ ಮನೆಗಳಲ್ಲಿ ಭೇಟಿಯಾಗಿದ್ದ. ಮಳೆಬೆಳೆ ಮಾತಾಡಿ ಬಂದೆ. ಅವನು ತೀರಿಕೊಂಡು ಈಗ ಹನ್ನೆರಡು ವರ್ಷ.

‘ಗೊತ್ತಿಲ್ಲವ್ವ’ ಎಂದೆ ಮೊಮ್ಮಗಳಿಗೆ. ‘ದಾರಿ ತಪ್ಪಿಸೀನಿ.’

ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ; ಬದಲಾಗಿ ಹಗುರಾದಳು. ಕಳೆದುಹೋದವರು ಮಾಡಬೇಕಾದುದು ಅವಳಿಗೆ ಕಲಿಸಿದ್ದರು: ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ಮರಳುವುದು. ಹಿಂದಕ್ಕೆ ನಡೆಯುವುದೆಷ್ಟು ಕಷ್ಟವೆಂಬುದು ಕಾಲಿಗಿಂತ ಮನಸ್ಸಿಗೆ ಹೆಚ್ಚು ತಿಳಿಯುತ್ತದೆ. ಮುಕ್ಕಾಲು ಗಂಟೆಯ ಗಳಿಕೆಯನ್ನೆಲ್ಲ ಚೆಲ್ಲಿ ಎಂಟನೆಯ ಬಾವುಟದ ಬಳಿ ಪುನಃ ನಿಂತೆವು. ಅಲ್ಲಿಂದ ಅವಳು ಮಾಡಿದ ಯುಕ್ತಿ ನನಗೆ ಬಹಳ ಹಿಡಿಸಿತು. ಕೂಡುವ ಜಾಗಕ್ಕೇ ನೇರ ಗುರಿಯಿಡಲಿಲ್ಲ. ಬೇಕೆಂದೇ ಬಲಕ್ಕೆ ಸ್ವಲ್ಪ ಓರೆಯಾಗಿ ಗುರಿಯಿಟ್ಟಳು. ನೇರ ಹೋಗಿ ಹಳ್ಳ ಸಿಕ್ಕಾಗ ಬಾವುಟ ಕಾಣದಿದ್ದರೆ, ಅದು ಎಡಕ್ಕಿದೆಯೊ ಬಲಕ್ಕಿದೆಯೊ ತಿಳಿಯುವುದಿಲ್ಲ. ಗೊತ್ತಿದ್ದೇ ಬಲಕ್ಕೆ ತಪ್ಪಿದರೆ, ಹಳ್ಳ ಮುಟ್ಟಿದೊಡನೆ ಎಡಕ್ಕೆ ಹೊರಳಿದರಾಯಿತು. ಹಾಗೆಯೇ ಆಯಿತು. ಮುತ್ತುಗದ ಗಿಡವೊಂದರ ಕೆಳಗೆ ಕಿತ್ತಳೆ ಬಣ್ಣ ಮಿನುಗಿತು. ನನ್ನ ಬಂಡಿದಾರಿ ಕರೆದೊಯ್ದಿದ್ದುದು ಅದರ ಮಗ್ಗುಲಿನ ಬೇರೊಂದು ಹಳ್ಳಕ್ಕೆ.

ಉಳಿದ ಐದರ ಬಗ್ಗೆ ಹೇಳುವಂಥದು ಹೆಚ್ಚಿಲ್ಲ. ಕಾಲು ನೋಯುತ್ತಿತ್ತು, ಬಿಸಿಲು ಏರಿತ್ತು, ಹನ್ನೆರಡನೆಯದರ ಬಳಿ ಕುಳಿತು ರೊಟ್ಟಿ ತಿಂದೆವು. ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಬಂದು ಮುಟ್ಟಿದೆವು, ಎಲ್ಲರಿಗಿಂತ ಕೊನೆಗೆ. ಹದಿನಾಲ್ಕು ತೂತುಗಳೂ ಚೀಟಿಯಲ್ಲಿದ್ದವು. ಮೊದಲು ಬಂದ ಜೋಡಿ ಆರನೆಯದನ್ನು ಬಿಟ್ಟಿತ್ತು. ಅವರ ಹೆಸರು ಪಟ್ಟಿಗೆ ಸೇರಲಿಲ್ಲ. ಅವರು ವಾದಿಸಲೂ ಇಲ್ಲ, ಅದು ನನಗೆ ಮೆಚ್ಚಿಕೆಯಾಯಿತು.

‘ಎಂಟರಿಂದ ಒಂಬತ್ತಕ್ಕ ಇಷ್ಟೊತ್ತು ಯಾಕ ಆಯ್ತು?’ ಎಂದು ತಮ್ಮನ ಮಗ ಕೇಳಿದ. ‘ನಾವು ದಾರಿ ತಪ್ಪಿದ್ವಿ ಕಾಕಾ’ ಎಂದಳು ಹುಡುಗಿ.

‘ನಾವಲ್ಲ’ ಎಂದೆ. ‘ತಪ್ಪಿದ್ದು ನಾನು. ಆಕಿ ಬ್ಯಾಡ ಅಂದಿದ್ದಳು.’

ಆ ಸಂಜೆ ಅವರೆಲ್ಲರೆದುರು 1976ರ ಸಂಗತಿಯನ್ನೂ ಹೇಳಿದೆ. ಮರುವಾರ ಆ ನನ್ನ ಸಹಪಾಠಿಯ ಮನೆಗೆ ಹೋಗಿ ಅವನ ಹೆಂಡತಿಗೂ ಮಗನಿಗೂ ಹೇಳಿ ಬಂದೆ. ಆ ತಾಯಿ ಬಹಳ ಹೊತ್ತು ಸುಮ್ಮನಿದ್ದು, ‘ಆ ಕಾಲಿನ ಮುಳ್ಳಿನ ಸುದ್ದಿ ಹೇಳ್ತಿದ್ರು. ನಿಮ್ಮ ಹೆಸರು ಎಂದೂ ಹೇಳಿಲ್ಲ’ ಎಂದರು. ಚಹಾ ಕೊಟ್ಟರು.

ನಕಾಶೆ ನಮ್ಮ ಮನೆಯಲ್ಲಿದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಎಂಟನೆಯ ದಿಣ್ಣೆಯ ಕೆಳಗಿನ ನೀಲಿ ಗೆರೆಯನ್ನು ತಿದ್ದಬೇಕೆಂದು ಮೊಮ್ಮಗಳು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದಾಳೆ. ಬಂಡಿದಾರಿಯ ಪಕ್ಕದಲ್ಲಿಯೂ ಸಣ್ಣ ಅಕ್ಷರದಲ್ಲಿ ಏನನ್ನೋ ಬರೆದಿದ್ದಾಳೆ. ಕನ್ನಡಕ ಹಾಕಿಕೊಂಡು ನೋಡಿದರೆ, ‘ಮುತ್ಯಾನ ದಾರಿ’ ಎಂದಿತ್ತು.