ಆಕಾಶದ ಕೊಳಗ ಯಾರ ಕೈಯಲ್ಲಿ?

ಕಳೆದ ಸಂತೆಯ ದಿನ ಕೊಡ್ಲಿಪೇಟೆಯಲ್ಲಿ ದಿನಸಿ ಅಂಗಡಿಯ ಸ್ನೇಹಿತರೊಬ್ಬರು ಕೇಳಿದರು: "ಮೇಷ್ಟ್ರೇ, ವಿಮಾನಕ್ಕೆ ಯಂತ್ರ ಕಟ್ಟಿ ಮೇಲಿನಿಂದಲೇ ನೆಲ ಅಳೆಯುತ್ತಾರಂತೆ. ಹಾಗಾದರೆ ಯಾವ ಗುಡ್ಡ ಜಾರುತ್ತದೆ ಅಂತ ನಮಗೆ ಮೊದಲೇ ಯಾಕೆ ಹೇಳುವುದಿಲ್ಲ?" ಪಕ್ಕದಲ್ಲಿ ಅಕ್ಕಿ ಕಟ್ಟಿಸಿಕೊಳ್ಳುತ್ತಿದ್ದ ತೋಟದ ಆಳೊಬ್ಬರು ನಕ್ಕು, "ಅಳೆಯುವುದು ಇದ್ದವರ ಜಾಗ ಸ್ವಾಮಿ, ನಮ್ಮದು ಅಂತ ಅಳೆಯಲಿಕ್ಕೆ ಏನಿದೆ?" ಎಂದರು. ಅಂಗಡಿಯವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ಈ ಯಂತ್ರಗಳಲ್ಲಿ ಮಾಯಮಂತ್ರವೇನೂ ಇಲ್ಲ. ನಮ್ಮ ದೇಶದಲ್ಲಿ ಈ ವಿದ್ಯೆ ಮೊದಲಾದದ್ದೇ ಒಂದು ತೆಂಗಿನ ತೋಟದಿಂದ. 1970ರ ಸುಮಾರಿಗೆ ಪಿಷಾರಟಿ ಎಂಬ ವಿಜ್ಞಾನಿಯ ಮುಂದಾಳುತನದಲ್ಲಿ ಕೇರಳದ ತೆಂಗಿನ ಬೇರು ರೋಗವನ್ನು ಹೆಲಿಕಾಪ್ಟರಿನಿಂದ ಚಿತ್ರ ತೆಗೆದು ಗುರುತಿಸಿದರು. ನಮ್ಮ ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ಆರೋಗ್ಯದ ಗರಿ ಗಾಢ ಕೆಂಪಾಗಿಯೂ ರೋಗದ ಗರಿ ಮಂಕಾಗಿಯೂ ಕಾಣುತ್ತದೆ. ಈಗ ಆ ವಿದ್ಯೆ ಬಹಳ ಮುಂದೆ ಹೋಗಿದೆ. ಲೈಡಾರ್ ಎಂಬ ಯಂತ್ರ ವಿಮಾನದ ಹೊಟ್ಟೆಯಿಂದ ಸೆಕೆಂಡಿಗೆ ಲಕ್ಷಗಟ್ಟಲೆ ಲೇಸರ್ ಮಿಣುಕುಗಳನ್ನು ಕೆಳಗೆ ಬಿಡುತ್ತದೆ. ಮಿಣುಕು ಹೋಗಿ ಮರಳಲು ಹಿಡಿದ ಹೊತ್ತಿನಿಂದ ದೂರವನ್ನು ಲೆಕ್ಕ ಹಾಕುತ್ತದೆ. ಹೆಚ್ಚಿನವು ಎಲೆಗೆ ತಾಗಿ ಹಿಂದಿರುಗಿದರೂ ಕೆಲವು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಬರುತ್ತವೆ. ಅಷ್ಟನ್ನೇ ಆರಿಸಿಕೊಂಡರೆ ಸಿಲ್ವರ್ ಮರ, ಕಾಫಿ ಗಿಡ ಎಲ್ಲವನ್ನೂ ತೆಗೆದುಹಾಕಿದಂತೆ ಬರಿಯ ನೆಲದ ಆಕಾರ ಬರುತ್ತದೆ. ಹಿಂದೆ ಜಾರಿ ನಿಂತ ಮಣ್ಣಿನ ಗುರುತು, ಮನೆ ಕಟ್ಟಲು ಕಡಿದ ಬರೆ, ಮುಚ್ಚಿಹೋದ ತೋಡು ಎಲ್ಲ ಅದರಲ್ಲಿ ಕಾಣುತ್ತದೆ. ಲೇಸರ್ ಮೋಡವನ್ನು ದಾಟಲಾರದು, ಆದ್ದರಿಂದ ಅಳತೆಯನ್ನು ಬೇಸಿಗೆಯಲ್ಲೇ ಮುಗಿಸಬೇಕು. ಮೋಡ ಕವಿದ ಆಷಾಢದಲ್ಲಿ ನೋಡಬೇಕಾದರೆ ರಾಡಾರ್ ಬೇಕು. ಅದನ್ನೂ ವಿಮಾನಕ್ಕೆ ಕಟ್ಟಲು ನಮ್ಮ ಇಸ್ರೋದವರು ಬಲ್ಲರು. (ಪಾಠ ಹೇಳುವ ಚಟ ಇನ್ನೂ ಬಿಟ್ಟಿಲ್ಲ, ಓದುಗರು ಮನ್ನಿಸಬೇಕು.)

ಈಗ ಮುಖ್ಯ ಮಾತಿಗೆ ಬರೋಣ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳಲ್ಲಿ ಗುಡ್ಡಗಳು ಜಾರಿದವು. ಸಾವಿರಾರು ಜನ ಗಂಜಿ ಕೇಂದ್ರ ಸೇರಿದರು. ಮರುವರ್ಷ ತೋರ. 2020ರಲ್ಲಿ ತಲಕಾವೇರಿಯ ಬೆಟ್ಟ. 2024ರ ಜುಲೈಯಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲೆಯಲ್ಲಿ ಮಣ್ಣು ಬಿದ್ದು ಶಿರಾಡಿ ಘಾಟಿಯ ದಾರಿ ಕಟ್ಟಿತು. ಮಂಗಳೂರಿನ ಸರಕು ನಂಬಿದ ಅಂಗಡಿಕಾರರಿಗೂ ಲಾರಿ ಬಂದರೆ ಮಾತ್ರ ಕೂಲಿ ಕಾಣುವ ಗಿರಣಿಯ ಹಮಾಲರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಗುಡ್ಡ ಜಾರುವ ಅಪಾಯದ ನಕ್ಷೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ 2014ರಿಂದ ದೇಶದ ಗುಡ್ಡಗಾಡಿಗೆಲ್ಲ ನಕ್ಷೆ ಮಾಡಿತು, ಒಳ್ಳೆಯ ಕೆಲಸವೇ. ಆದರೆ ಅದರ ಅಳತೆ ಐವತ್ತು ಸಾವಿರಕ್ಕೆ ಒಂದು. ಎಂದರೆ ಅರ್ಧ ಕಿಲೋಮೀಟರ್ ಬೀದಿ ಕಾಗದದ ಮೇಲೆ ಒಂದು ಸೆಂಟಿಮೀಟರ್. ಹತ್ತು ಮೀಟರಿನ ಲೈನ್ ಮನೆ ಪೆನ್ಸಿಲಿನ ಒಂದು ಚುಕ್ಕೆಗಿಂತ ಚಿಕ್ಕದು. ಇಂಥ ನಕ್ಷೆ ಹೋಬಳಿಗೆ ಎಚ್ಚರಿಕೆ ಕೊಡಬಹುದು. ಮನೆಯ ಹಿಂದಿನ ಬರೆಗೆ ಕೊಡಲಾರದು.

ಇನ್ನೊಂದು ಅಳತೆಯನ್ನು ನೋಡಿ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಪೈಲಟ್ ಇಲ್ಲದ ಪುಟ್ಟ ವಿಮಾನ, ಅದೇ ಡ್ರೋನ್, ಗ್ರಾಮಠಾಣದ ಮೇಲೆ ಹಾರಿ ಒಂದೊಂದು ಮನೆಯ ಸೂರನ್ನೂ ಸೆಂಟಿಮೀಟರುಗಳ ಲೆಕ್ಕದಲ್ಲಿ ಚಿತ್ರಿಸುತ್ತದೆ, ಆಸ್ತಿಯ ಕಾಗದ ಕೊಡುವುದಕ್ಕೆ. ಆ ಕಾಗದದಿಂದ ಬಡವನಿಗೂ ಲಾಭವುಂಟು, ಒಪ್ಪಿದೆ. ಆದರೆ ತೋಟದೊಳಗಿನ ಲೈನ್ ಮನೆಯವನಿಗೆ ಸೂರೂ ಮಾಲೀಕನದು, ನೆಲವೂ ಮಾಲೀಕನದು. ಆಸ್ತಿಗಾಗಿ ಅಳೆಯುವಾಗ ಸೆಂಟಿಮೀಟರು, ಜೀವಕ್ಕಾಗಿ ಅಳೆಯುವಾಗ ಅರ್ಧ ಕಿಲೋಮೀಟರು! ಇದು ಯಂತ್ರದ ದೋಷವಲ್ಲ.

1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತದ್ದು ಗೇಣಿಯ ಭತ್ತ ಅಳೆಯುವ ಕೊಳಗದ ತಕರಾರಿನಿಂದ. ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಕೊಳಗ ಧಣಿಯ ಕೈಯಲ್ಲಿದ್ದರೆ ಅದು ಯಾರ ಕಡೆ ಉಬ್ಬುತ್ತದೆ ಎಂಬುದನ್ನು ತಕ್ಕಡಿ ಹಿಡಿದು ಬದುಕುವ ವ್ಯಾಪಾರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಈ ವಿಮಾನದ ಯಂತ್ರವೂ ಒಂದು ಕೊಳಗವೇ.

ಹಣವೆಲ್ಲಿ ಎಂದು ಕೇಳುವವರಿದ್ದಾರೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ಮೋಡ ಬಿತ್ತನೆಗೆಂದು ಜಕ್ಕೂರಿನಿಂದ ವಿಮಾನ ಹಾರಿಸಿತು. ಕೋಟಿಗಟ್ಟಲೆ ಹಣ ಆಗ ಸಿಕ್ಕಿತು. 2015-16ರಲ್ಲಿ ಇಸ್ರೋ ವಿಮಾನಕ್ಕೆ ಅಮೆರಿಕದ ನಾಸಾದ ಯಂತ್ರ ಕಟ್ಟಿ ದೇಶದ ಐವತ್ತಕ್ಕೂ ಮಿಕ್ಕಿದ ಕಡೆ ಬೆಳೆ, ಕಾಡು, ಬಂಡೆಗಳನ್ನು ನೋಡಿದರು; ನಮ್ಮ ಹಟ್ಟಿ ಚಿನ್ನದ ಸೀಮೆಯೂ ಅದರಲ್ಲಿತ್ತು. ಮಳೆ ಬಿತ್ತಲು, ಚಿನ್ನ ಹುಡುಕಲು ವಿಮಾನ ಸಿಗುವುದಾದರೆ ಜನರ ತಲೆಯ ಮೇಲಿನ ಬರೆ ನೋಡಲು ಏಕೆ ಸಿಗದು?

ಯಾವ ದಿನ ಗುಡ್ಡ ಜಾರುತ್ತದೆಂದು ಈ ಯಂತ್ರ ಹೇಳಲಾರದು. ಎಲ್ಲಿ ಜಾರಬಹುದೆಂದು ಹೇಳಬಲ್ಲುದು. ಪಂಚಾಯಿತಿಗಳಲ್ಲಿ ಮಳೆ ಮಾಪಕಗಳಿವೆ. ಎರಡನ್ನೂ ಕೂಡಿಸಿದರೆ ಯಾವ ಮನೆಯವರು ಯಾವ ರಾತ್ರಿ ಎದ್ದು ಹೊರಡಬೇಕೆಂದು ತಿಳಿದೀತು. 2021ರ ಫೆಬ್ರವರಿಯ ಕೇಂದ್ರದ ನಿಯಮದಂತೆ ಸಾರ್ವಜನಿಕರ ಹಣದಿಂದ ಮಾಡಿದ ಇಂಥ ಮಾಹಿತಿ, ರಕ್ಷಣೆಯ ಗುಟ್ಟನ್ನುಳಿದು, ಸುಲಭವಾಗಿ ಸಿಗತಕ್ಕದ್ದು. ಆದರೆ ಕನ್ನಡದಲ್ಲಿ ಬರೆದು ಲೈನ್ ಮನೆಯ ಗೋಡೆಗೆ ಅಂಟಿಸಿದ ಒಂದೇ ಒಂದು ಅಪಾಯದ ನಕ್ಷೆಯನ್ನು ನಾನು ಓಡಾಡಿದ ತೋಟಗಳಲ್ಲಿ ಕಂಡಿಲ್ಲ.

ಆದ್ದರಿಂದ ಒಂದು ಅರ್ಜಿ ಸಿದ್ಧವಾಗಿದೆ: ಮುಂದಿನ ಬೇಸಿಗೆಯಲ್ಲಿ ಸೋಮವಾರಪೇಟೆ, ಮಡಿಕೇರಿ ಸೀಮೆಯ ಇಳಿಜಾರುಗಳನ್ನು ಲೈಡಾರಿನಿಂದ ಅಳೆಯಬೇಕು, ಜನವಸತಿಯ ಕಡೆ ನಕ್ಷೆ ಮನೆಮನೆ ಗುರುತಿಸುವಷ್ಟು ದೊಡ್ಡದಿರಬೇಕು, ಅದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು, ಅಪಾಯದ ಬರೆಯ ಕೆಳಗೆ ಲೈನ್ ಮನೆ ಇಟ್ಟ ತೋಟದ ಮಾಲೀಕ ಬೇರೆ ಜಾಗದಲ್ಲಿ ಮನೆ ಕಟ್ಟಿಕೊಡಬೇಕು. ಕೊಡ್ಲಿಪೇಟೆ, ಶನಿವಾರಸಂತೆಯ ಅಂಗಡಿಕಾರರೂ ಗಿರಣಿ ಸಂಗಾತಿಗಳೂ ಸಂತೆಯ ದಿನ ನನ್ನ ಬಳಿ ಬಂದು ಸಹಿ ಹಾಕಬಹುದು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ಆದೀತು.