ಅನ್ನದೊಡನೆ ವಿಧಿಯೂ ಬರಲಿ

ಪರದೇಶದ ಅಡಿಗೆಯನ್ನು ನಮ್ಮ ಮನೆಗಳಲ್ಲಿ ಮಾಡುವುದು ಯುಕ್ತವೇ ಎಂದು ವಾಚಕರಲ್ಲಿ ಕೆಲವರು ಕೇಳುವುದುಂಟು. ಮಸರಕಲ್ಲಿನ ಒಲೆಯ ಮುಂದೆ ಕುಳಿತು ನೋಡಿದರೆ ಈ ಪ್ರಶ್ನೆಗೆ ಉತ್ತರ ಹಂಚಿನ ಮೇಲೆಯೇ ಇದೆ. ಕೃಷ್ಣಾ ತುಂಗಭದ್ರೆಯರ ನಡುವಣ ಈ ಸೀಮೆಯ ಪ್ರಾಣಾಧಾರವಾದ ಜೋಳವು ಬಹು ಪ್ರಾಚೀನಕಾಲದಲ್ಲಿ ಆಫ್ರಿಕಾ ಖಂಡದಿಂದ ಬಂದುದು. ಚಟ್ನಿಯ ಶೇಂಗಾ, ಪಲ್ಯದ ಮೆಣಸಿನಕಾಯಿ ಇವೆರಡೂ ಅಮೇರಿಕ ಖಂಡದವು. 1492ರ ತರುವಾಯವೇ ಸಮುದ್ರ ದಾಟಿದವು. ಆದಕಾರಣ ಬರುವುದು ತಪ್ಪಲ್ಲ. ಬರುವ ರೀತಿಯನ್ನು ವಿಚಾರಿಸಬೇಕು.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಆಹಾರವಿಧಿಗೆ ಎಂಟು ಅಂಗಗಳನ್ನು ಹೇಳಿದೆ. ಅವುಗಳಲ್ಲಿ ‘ಕರಣ’ವೆಂದರೆ ಪದಾರ್ಥಕ್ಕೆ ಮಾಡುವ ಸಂಸ್ಕಾರ, ‘ಸಂಯೋಗ’ವೆಂದರೆ ಒಂದರೊಡನೆ ಮತ್ತೊಂದನ್ನು ಕೂಡಿಸುವುದು. ಇವೆರಡನ್ನು ಬಿಟ್ಟು ಧಾನ್ಯವನ್ನು ಮಾತ್ರ ತಂದರೆ ಏನಾಗುವುದೆಂಬುದಕ್ಕೆ ಮೆಕ್ಕೆಜೋಳವೇ ಸಾಕ್ಷಿ.

ಮೆಕ್ಸಿಕೋ ದೇಶದವರು ಸಾವಿರಾರು ವರ್ಷಗಳಿಂದ ಮೆಕ್ಕೆಜೋಳವನ್ನು ಸುಣ್ಣದ ಅಥವಾ ಬೂದಿಯ ನೀರಿನಲ್ಲಿ ಬೇಯಿಸಿ, ಕಲ್ಲಿನ ಮೇಲೆ ಅರೆದು, ಹಂಚಿನಲ್ಲಿ ರೊಟ್ಟಿ ಸುಡುತ್ತಾರೆ. ಆ ರೊಟ್ಟಿಗೆ ‘ತೋರ್ತಿಯಾ’ ಎಂದು ಹೆಸರು. ಐರೋಪ್ಯರು ಕಾಳನ್ನು ಕೊಂಡೊಯ್ದರು, ಸುಣ್ಣವನ್ನು ಮರೆತರು. ಅದನ್ನೇ ನೆಚ್ಚಿ ಬದುಕಿದ ಬಡವರಲ್ಲಿ ಪೆಲ್ಲಾಗ್ರ ಎಂಬ ವ್ಯಾಧಿ ಹಬ್ಬಿತು. ಬಿಸಿಲು ತಾಗಿದ ಚರ್ಮ ಕಪ್ಪಿಡುವುದು, ಭೇದಿಯಾಗುವುದು, ಬುದ್ಧಿ ಭ್ರಮಿಸುವುದು ಇದರ ಲಕ್ಷಣಗಳು. 1735ರಲ್ಲಿ ಸ್ಪೇನಿನ ವೈದ್ಯ ಕಸಾಲ್ ಇದನ್ನು ಗುರುತಿಸಿದನು. ಮೆಕ್ಕೆಜೋಳದಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಸುಣ್ಣದ ನೀರು ಬಿಡಿಸುತ್ತದೆ ಎಂಬ ಮರ್ಮವು ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ.

ಇದು ದೂರದ ಮಾತೆಂದು ಭಾವಿಸಬೇಡಿರಿ. ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಡಾಕ್ಟರ್ ಸಿ. ಗೋಪಾಲನ್ ಮೊದಲಾದವರು, ದಖ್ಖನದಲ್ಲಿ ಜೋಳವೊಂದನ್ನೇ ಬಹುವಾಗಿ ಉಣ್ಣುವ ಬಡವರಲ್ಲಿಯೂ ಇದೇ ವ್ಯಾಧಿಯನ್ನು ಕಂಡು 1960ರಲ್ಲಿ ಪ್ರಕಟಿಸಿದರು. ನಮ್ಮ ಹಿರಿಯರು ರೊಟ್ಟಿಯೊಡನೆ ಬೇಳೆ, ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಇವನ್ನು ಇಟ್ಟುದು ನಾಲಗೆಯ ಚಾಪಲ್ಯಕ್ಕಾಗಿ ಮಾತ್ರವಲ್ಲ. ಅದೇ ಸಂಯೋಗ.

ಇನ್ನು ತೋರ್ತಿಯಾ ಮಾಡುವ ಕ್ರಮ. ಅರ್ಧ ಕಿಲೋ ಒಣ ಮೆಕ್ಕೆಜೋಳಕ್ಕೆ ಒಂದೂವರೆ ಲೀಟರು ನೀರು, ತಿನ್ನುವ ಸುಣ್ಣದ ಪುಡಿ ಸುಮಾರು 5 ಗ್ರಾಂ. ಸುಣ್ಣವು ಅರಳಿದ್ದಾಗಿರಬೇಕು, ಗೋಡೆಗೆ ಬಳಿಯುವುದು ಸಲ್ಲದು. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲು ಆಗಬಹುದು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಇಳಿಸಿ, ಮುಚ್ಚಿ ರಾತ್ರಿಯೆಲ್ಲ ಬಿಡಿರಿ. ಬೆಳಿಗ್ಗೆ ಆ ನೀರು ಚೆಲ್ಲಿ, ಕಾಳನ್ನು ಉಜ್ಜಿ ಸಿಪ್ಪೆ ತೆಗೆದು, ಮೂರು ನಾಲ್ಕು ನೀರಿನಲ್ಲಿ ತೊಳೆಯಿರಿ. ಉಪ್ಪು ಹಾಕಿ, ಆದಷ್ಟು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ರುಬ್ಬಿ ನಾದಿರಿ. ಜೋಳದ ಹಿಟ್ಟಿಗೆ ಎಸರು ಹೇಗೋ ಇದಕ್ಕೆ ಸುಣ್ಣ ಹಾಗೆ. ಹಿಟ್ಟಿಗೆ ಜಿಗುಟು ಬರುವುದು ಅದರಿಂದಲೇ. ನಿಂಬೆಗಾತ್ರದ ಉಂಡೆಗಳನ್ನು ಎರಡು ಬಾಳೆಲೆಗಳ ನಡುವೆ ತೆಳ್ಳಗೆ ತಟ್ಟಿ, ಎಣ್ಣೆಯಿಲ್ಲದೆ ಕಾದ ಹಂಚಿನಲ್ಲಿ ಎರಡು ಮೈಯೂ ಸುಡಬೇಕು. ನೆನೆಸಿ ಚೆನ್ನಾಗಿ ಕುದಿಸಿ ಬೇಯಿಸಿದ ರಾಜಮಾ ಕಾಳು, ಟೊಮೇಟೊ ಹಸಿಮೆಣಸಿನಕಾಯಿಯ ಚಟ್ನಿ ಜೊತೆಗಿರಲಿ. ಆ ದೇಶದ ಸಂಯೋಗವೂ ಅದೇ.

ಪರದೇಶದ ಅಡಿಗೆಯನ್ನು ಮಕ್ಕಳು ಬಯಸಿದರೆ ಗದರಿಸುವುದೇಕೆ? ಅದನ್ನು ಹುಟ್ಟಿಸಿದ ಜನರು ಹೇಗೆ ಮಾಡುತ್ತಾರೆ, ಯಾವುದರೊಡನೆ ಉಣ್ಣುತ್ತಾರೆ ಎಂದು ಮೊದಲು ಕೇಳಿ ತಿಳಿಯುವಂತೆ ಕಲಿಸಿರಿ. ಅನ್ನವನ್ನು ತಂದು ವಿಧಿಯನ್ನು ಬಿಟ್ಟವರು ತೆತ್ತ ಬೆಲೆ ದೊಡ್ಡದು.