ಆ ಟಿಕ್ ಮೊದಲು ತೆಗೀರಿ, ಆಮೇಲೆ ರಿಪೋರ್ಟ್ ಬರೀರಿ

1/4
ಒಂದು ಹೆಡಿಂಗ್ ನಡುವೆ ತಂದ್ರೆ ಎಲ್ಲ ಹೆಡಿಂಗೂ ನಡುವೆ ಬಂದು ಕೂತ್ವು. ಒಂದು ಪ್ಯಾರಾ ಬೋಲ್ಡ್ ಮಾಡಿದ್ರೆ 40 ಪುಟ ಬೋಲ್ಡ್. ಕೂಡಲೇ "ವೈರಸ್ ಕಣೋ" ಅಂತೀರಿ, ಇಲ್ಲಾ ಪೆನ್‌ಡ್ರೈವ್ ಬೈತೀರಿ. ವೈರಸ್ಸೂ ಅಲ್ಲ, ದೆವ್ವಾನೂ ಅಲ್ಲ. ವರ್ಡ್‌ನ ಸ್ಟೈಲ್‌ಗಳಲ್ಲಿ 'ಆಟೋಮ್ಯಾಟಿಕಲಿ ಅಪ್‌ಡೇಟ್' ಅಂತ ಒಂದು ಚೌಕ ಐತೆ. ಅದರಲ್ಲಿ ಟಿಕ್ ಇದ್ದರೆ, ನೀವು ಇಡೀ ಒಂದು ಪ್ಯಾರಾಗೆ ಮಾಡಿದ ಬದಲಾವಣೆಯನ್ನ ವರ್ಡ್ ಆ ಸ್ಟೈಲ್‌ನ ನಿಯಮ ಅಂತಲೇ ತಿಳಿದು ಎಲ್ಲಾ ಕಡೆ ಹಚ್ಚುತ್ತೆ. ನಿಮ್ಮನ್ನ ಕೇಳೋದಿಲ್ಲ. 'ನಾರ್ಮಲ್' ಸ್ಟೈಲಿಗೆ ಮಾತ್ರ ಈ ಸೌಲಭ್ಯ ಕೊಟ್ಟಿಲ್ಲ. ಅಪಾಯ ಅವರಿಗೂ ಗೊತ್ತಿರಬೇಕು!

2/4
ಕನ್ನಡದಲ್ಲಿ ಬರೆಯೋರಿಗೆ ಪೆಟ್ಟು ಇನ್ನೂ ಜೋರು. ಉಳ್ಳಾರ್ತಿ ಕಾವಲ್ ಬಗ್ಗೆ ರಿಪೋರ್ಟ್ ಮಾಡ್ತಿದ್ದೀರಿ ಅಂದ್ಕೊಳ್ಳಿ. ಅಮೃತ್ ಮಹಲ್ ದನ, ಹುಲ್ಲುಗಾವಲು, ಸಂಸ್ಥೆಗಳಿಗೆ ಹೋದ ಜಮೀನು, ಎಲ್ಲಾ ಹಳೇ ನುಡಿ ಫಾಂಟಲ್ಲಿ ಟೈಪ್ ಆಗೈತೆ. ನಡುವೆ ಹಸಿರು ನ್ಯಾಯಮಂಡಳಿಯ 2014ರ ಆದೇಶದಿಂದ ಇಂಗ್ಲಿಷ್ ಪ್ಯಾರಾ ಒಂದನ್ನ ಹಾಕಿ, ಅದಕ್ಕೆ ಟೈಮ್ಸ್ ನ್ಯೂ ರೋಮನ್ ಕೊಡ್ತೀರಿ. ಆ ಸ್ಟೈಲಲ್ಲಿ ಟಿಕ್ ಇತ್ತೋ, ಕಾವಲಿನ ಕಥೆ ಪೂರ್ತಿ ಚುಕ್ಕಿ-ಕೊಂಬು ಹಚ್ಚಿದ ಇಂಗ್ಲಿಷ್ ಅಕ್ಷರ ಆಗಿಬಿಡುತ್ತೆ. ಯಾಕಂದ್ರೆ ಹಳೇ ನುಡಿಯಲ್ಲಿ ಒಳಗಿರೋದು ಇಂಗ್ಲಿಷ್ ಸಂಕೇತ, ಮೇಲಿರೋದಷ್ಟೇ ಕನ್ನಡದ ಅಂಗಿ. ತಿರುಗಿ ನುಡಿ ಕೊಟ್ರೆ ಕನ್ನಡ ಸರಿಹೋಗುತ್ತೆ, ಆದ್ರೆ ಇಂಗ್ಲಿಷ್ ಪ್ಯಾರಾ ಅರ್ಥವಿಲ್ಲದ ಕನ್ನಡ ಆಗುತ್ತೆ. ಯೂನಿಕೋಡ್‌ನಲ್ಲಿ ಬರೆದಿದ್ರೆ ಅಕ್ಷರದ ಆಕಾರ, ಅಳತೆ ಕೆಡಬಹುದು, ಅಕ್ಷರ ಸಾಯಲ್ಲ. ಇನ್ನೂ ಹಳೇ ನುಡಿಯಲ್ಲೇ ಫೈಲ್ ಕೇಳೋ ಮೇಷ್ಟ್ರುಗಳೇ, ಇದು ನಿಮಗೂ ಸೇರಿ ಹೇಳ್ತಿರೋದು.

3/4
"ಹಂಗಾದ್ರೆ ಸ್ಟೈಲೇ ಬೇಡ, ಕೈಲೇ ಬೋಲ್ಡ್ ಮಾಡ್ತೀನಿ" ಅನ್ನೋ ಶೂರರಿದ್ದಾರೆ. ಮಾಡಿ. ಪರಿವಿಡಿ ಕೂಡ ಕೈಲೇ ಬರೀರಿ, ಪುಟ ಬದಲಾದಾಗಲೆಲ್ಲ ತಿದ್ದುತ್ತಾ ಕೂತಿರಿ. ಸ್ಟೈಲ್ ತಪ್ಪಲ್ಲ, ಕೇಳದೇ ಬದಲಾಯಿಸೋದು ತಪ್ಪು. ಎಲ್ಲ ಹೆಡಿಂಗೂ ಒಟ್ಟಿಗೆ ಬದಲಾಗಬೇಕು ಅಂತ ನಿಮಗೇ ಅನ್ನಿಸಿದಾಗ, ಒಂದನ್ನ ಸರಿಮಾಡಿ, ಸ್ಟೈಲ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಅಪ್‌ಡೇಟ್ ಟು ಮ್ಯಾಚ್ ಸೆಲೆಕ್ಷನ್' ಒತ್ತಿ. ಕೆಲಸ ಅದೇ, ಆದ್ರೆ ತೀರ್ಮಾನ ನಿಮ್ಮದು.

4/4 (ಸೇವ್ ಮಾಡ್ಕೊಳ್ಳಿ)
ಹೋಮ್‌ನಲ್ಲಿ ಸ್ಟೈಲ್ ಮೇಲೆ ರೈಟ್ ಕ್ಲಿಕ್, ಮಾಡಿಫೈ, ಕೆಳಗಿರೋ 'ಆಟೋಮ್ಯಾಟಿಕಲಿ ಅಪ್‌ಡೇಟ್' ಟಿಕ್ ತೆಗೀರಿ. ಬಳಸೋ ಪ್ರತಿ ಸ್ಟೈಲಿಗೂ ನೋಡ್ಬೇಕು. ಲಿಬ್ರೆ ಆಫೀಸ್‌ನವರು ಸ್ಟೈಲ್‌ನ ಸೆಟ್ಟಿಂಗ್‌ಗಳಲ್ಲಿ ಹುಡುಕಿ.
ಇದರ ಅಣ್ಣ ಒಬ್ಬ ಇದ್ದಾನೆ: ಫೈಲ್, ಆಪ್ಷನ್ಸ್, ಆಡ್-ಇನ್ಸ್, ಕೆಳಗೆ 'ಟೆಂಪ್ಲೇಟ್ಸ್' ಆರಿಸಿ 'ಗೋ' ಒತ್ತಿ. ಅಲ್ಲಿ 'ಆಟೋಮ್ಯಾಟಿಕಲಿ ಅಪ್‌ಡೇಟ್ ಡಾಕ್ಯುಮೆಂಟ್ ಸ್ಟೈಲ್ಸ್' ಟಿಕ್ ಇದ್ದರೆ ಫೈಲ್ ತೆರೆದಾಗಲೆಲ್ಲ ಟೆಂಪ್ಲೇಟಿನ ಸ್ಟೈಲ್ ಬಂದು ಮೇಲೆ ಕೂರುತ್ತೆ. ಮನೇಲಿ ಚೆಂದ ಇದ್ದ ಫೈಲ್ ಚಳ್ಳಕೆರೆಯ ಪ್ರಿಂಟ್ ಅಂಗಡೀಲಿ ಬೇರೆ ಥರ ಕಾಣೋಕೆ ಇದೂ ಒಂದು ಕಾರಣ. ಅಂಗಡಿಗೆ ಪಿಡಿಎಫ್ ಒಯ್ಯಿರಿ.
ಕ್ಲಾಸ್ ಗ್ರೂಪಿಗೆ ಮಾದರಿ ಫೈಲ್ ಹಾಕೋರು ಈ ಎರಡೂ ಟಿಕ್ ತೆಗೆದೇ ಹಾಕ್ರಪ್ಪ. ಒಬ್ಬರು ಬಿಟ್ಟ ಟಿಕ್ ಇಡೀ ಕ್ಲಾಸಿಗೆ ಕಾಪಿ ಆಗುತ್ತೆ.

#ಕನ್ನಡದಲ್ಲಿಟೆಕ್ #ಚಳ್ಳಕೆರೆ #ಉಳ್ಳಾರ್ತಿಕಾವಲ್ #ಪ್ರಾಜೆಕ್ಟ್‌ರಿಪೋರ್ಟ್